ಭಾವನ ಬೆಟ್ಟದಲ್ಲಿ ಸೋಲಿಗರ ಹಕ್ಕು

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥ ಬರೀ ದೇವರಲ್ಲ, ಭಾವ. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು ಎಂಬ ನಂಬಿಕೆ. ಹುಲಿಯನ್ನೂ ಹುಲಿವೀರಪ್ಪ ಎಂದು ಪೂಜಿಸುತ್ತಾರೆ.

1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಪೋಡುಗಳು ಜಾಗ ಬಿಟ್ಟವು. ಒಣ ಎಲೆ ಸುಡುತ್ತಿದ್ದ ತರಗು ಬೆಂಕಿಯೂ ನಿಂತಿತು. ಅದಕ್ಕೇ ಲಂಟಾನ ಹಬ್ಬಿತು ಎನ್ನುತ್ತಾರೆ ಹಿರಿಯರು. 2006ರಲ್ಲಿ ಜೇನು, ನೆಲ್ಲಿ ಕಿತ್ತು ಮಾರುವುದಕ್ಕೂ ತಡೆ ಬಿತ್ತು.

ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆ ಬಂತು. ಸೋಲಿಗರು ಗ್ರಾಮಸಭೆ ಸೇರಿ ಅರ್ಜಿ ಹಾಕಿದರು. 2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸಮುದಾಯ ಹಕ್ಕುಪತ್ರವೂ ಕೈಸೇರಿತು.

ನಾವು ವರದಿಗಾರರು ಇವರನ್ನು ‘ಕಾಡಿನ ಜನ’ ಎಂದು ಎರಡೇ ಪದದಲ್ಲಿ ಮುಗಿಸುತ್ತೇವೆ. ಅವರು ಮಾತ್ರ ಒಂದೊಂದು ಕಲ್ಲು, ಮರ, ಹಳ್ಳವನ್ನೂ ಹೆಸರಿಟ್ಟು ಕರೆಯುತ್ತಾರೆ. ಹಕ್ಕುಪತ್ರ ಸಿಕ್ಕಿದೆ. ಆ ಹೆಸರುಗಳು ಮಕ್ಕಳ ಬಾಯಲ್ಲೂ ಉಳಿಯಬೇಕು.