ನ್ಯಾಯಾಲಯದ ಶೀಘ್ರಲಿಪಿ: ಒಂದು ವೃತ್ತಿಯ ಬೆಳವಣಿಗೆ

ನ್ಯಾಯಾಲಯದಲ್ಲಿ ಸಾಕ್ಷಿಗಳು, ವಕೀಲರು ಮತ್ತು ನ್ಯಾಯಾಧೀಶರು ಆಡುವ ಮಾತನ್ನು ಆಡಿದ ವೇಗದಲ್ಲೇ ಬರೆದುಕೊಂಡು, ಬಳಿಕ ಅದನ್ನು ಪ್ರಮಾಣೀಕೃತ ದಾಖಲೆಯಾಗಿ ಸಿದ್ಧಪಡಿಸುವುದು ನ್ಯಾಯಾಲಯದ ಶೀಘ್ರಲಿಪಿಗಾರನ ಕೆಲಸ. ಮೇಲ್ಮನವಿ ನ್ಯಾಯಾಲಯವು ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಸದೆ ಕೆಳಗಿನ ನ್ಯಾಯಾಲಯದ ದಾಖಲೆಯನ್ನೇ ಆಧರಿಸಿ ತೀರ್ಮಾನಿಸುವುದರಿಂದ, ಬರಹದಲ್ಲಿ ಬಿಟ್ಟುಹೋದ ಒಂದು ‘ಇಲ್ಲ’ ಕೂಡ ಕಕ್ಷಿದಾರನಿಗೆ ದೊರೆಯಬೇಕಾದ ನ್ಯಾಯವನ್ನು ತಪ್ಪಿಸಬಲ್ಲದು.

ಮಾತನ್ನು ಸಂಕೇತಗಳಲ್ಲಿ ಹಿಡಿಯುವ ಕಲೆ ಪ್ರಾಚೀನ ರೋಮಿನಲ್ಲೇ ಇತ್ತಾದರೂ, ಅದು ನ್ಯಾಯಾಲಯದ ವೃತ್ತಿಯಾಗಿ ನೆಲೆಗೊಂಡದ್ದು 18ನೇ ಶತಮಾನದ ಇಂಗ್ಲೆಂಡಿನಲ್ಲಿ. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ವಿಚಾರಣೆಗಳನ್ನು ದಾಖಲಿಸಿದ ಥಾಮಸ್ ಗರ್ನಿ ತನ್ನ ಪದ್ಧತಿಯನ್ನು ಪುಸ್ತಕವಾಗಿಯೂ ಪ್ರಕಟಿಸಿದನು. ಭಾರತದ ಆಡಳಿತಕ್ಕೆ ಸಂಬಂಧಿಸಿದ ವಾರನ್ ಹೇಸ್ಟಿಂಗ್ಸ್ ವಿಚಾರಣೆಯ ವಾದಗಳು ಇಂದು ಓದಲು ಸಿಗುವುದಕ್ಕೂ ಗರ್ನಿ ಮನೆತನದ ಶೀಘ್ರಲಿಪಿ ಟಿಪ್ಪಣಿಗಳೇ ಆಧಾರ. 1837ರಲ್ಲಿ ಐಸಾಕ್ ಪಿಟ್‌ಮನ್ ಕಾಗುಣಿತವನ್ನು ಬಿಟ್ಟು ಉಚ್ಚಾರಣೆಯನ್ನೇ ಅನುಸರಿಸುವ ಪದ್ಧತಿಯನ್ನು ರೂಪಿಸಿದನು. ಅದರಲ್ಲಿ ‘ಪ’ ಧ್ವನಿಗೆ ತೆಳುಗೆರೆ, ‘ಬ’ ಧ್ವನಿಗೆ ಅದೇ ಗೆರೆಯ ದಪ್ಪ ರೂಪ.

ಅಮೆರಿಕದಲ್ಲಿ ಈ ವೃತ್ತಿ ಯಂತ್ರದ ಕಡೆಗೆ ಹೊರಳಿತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮೊದಲ ರೂಪ ಪಡೆದು ಮುಂದೆ ಸುಧಾರಿಸಿದ ಸ್ಟೆನೋಟೈಪ್ ಯಂತ್ರದಲ್ಲಿ, ಹಲವು ಕೀಲಿಗಳನ್ನು ಒಮ್ಮೆಗೇ ಒತ್ತಿ ಒಂದು ಉಚ್ಚಾರಾಂಶವನ್ನೋ ಇಡೀ ಪದವನ್ನೋ ಮೂಡಿಸಲಾಗುತ್ತದೆ. ಅಲ್ಲಿನ ವೃತ್ತಿ ಪರೀಕ್ಷೆಯು ಸಾಕ್ಷ್ಯದ ಪ್ರಶ್ನೋತ್ತರವನ್ನು ನಿಮಿಷಕ್ಕೆ 225 ಪದಗಳ ವೇಗದಲ್ಲಿ ದಾಖಲಿಸುವ ಸಾಮರ್ಥ್ಯವನ್ನು ಬಯಸುತ್ತದೆ. ಕಂಪ್ಯೂಟರ್ ಜೊತೆಗೂಡಿದ ಮೇಲೆ ಬರಹವು ಆ ಕ್ಷಣವೇ ಪರದೆಯ ಮೇಲೆ ಮೂಡತೊಡಗಿ, ಕಿವಿ ಕೇಳದವರೂ ಕಲಾಪವನ್ನು ಅನುಸರಿಸುವಂತಾಯಿತು.

ಭಾರತದ ವಿಚಾರಣಾ ನ್ಯಾಯಾಲಯಗಳ ಕ್ರಮ ಇದಕ್ಕಿಂತ ಭಿನ್ನ. ಇಲ್ಲಿ ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ನ್ಯಾಯಾಧೀಶರು ಹೇಳಿ ಬರೆಸುತ್ತಾರೆ. ಶೀಘ್ರಲಿಪಿಗಾರ ಅಥವಾ ಬೆರಳಚ್ಚುಗಾರ ಅದನ್ನು ದಾಖಲಿಸುತ್ತಾನೆ. ಸರ್ವೋಚ್ಚ ನ್ಯಾಯಾಲಯವು 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠದ ಕಲಾಪವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಲಿಪ್ಯಂತರಿಸಲು ಆರಂಭಿಸಿದ ಮೇಲೆ, ಈ ವೃತ್ತಿಯ ಅಗತ್ಯವೇ ಮುಗಿಯಿತೆಂಬ ಅಭಿಪ್ರಾಯಕ್ಕೆ ಬಲ ಬಂದಿದೆ.

ಆದರೆ ವೇಗವೊಂದೇ ಈ ವೃತ್ತಿಯ ಸಾರವಲ್ಲ. ಇಬ್ಬರು ಒಟ್ಟಿಗೆ ಮಾತನಾಡಿದಾಗ, ಸಾಕ್ಷಿ ಉತ್ತರಿಸದೆ ಬರಿದೇ ತಲೆಯಾಡಿಸಿದಾಗ, ಊರಿನ ಅಥವಾ ವ್ಯಕ್ತಿಯ ಹೆಸರು ಅಸ್ಪಷ್ಟವಾಗಿ ಕೇಳಿಸಿದಾಗ, ಅಲ್ಲೇ ಸ್ಪಷ್ಟನೆ ಕೋರಿ ಸರಿಪಡಿಸಿಕೊಳ್ಳುವುದು ಮತ್ತು ಕೊನೆಗೆ ತನ್ನ ಸಹಿಯಿಂದ ದಾಖಲೆಗೆ ಹೊಣೆಯಾಗುವುದು ತರಬೇತಿ ಪಡೆದ ಮನುಷ್ಯನಿಂದ ಮಾತ್ರ ಸಾಧ್ಯ. ಧ್ವನಿಮುದ್ರಣ ಮಾತನ್ನು ಉಳಿಸುತ್ತದೆಯೇ ಹೊರತು ಅದರ ನಿಖರತೆಗೆ ಉತ್ತರದಾಯಿಯಾಗುವುದಿಲ್ಲ. ಆದುದರಿಂದ ನ್ಯಾಯಾಲಯಗಳು ಯಂತ್ರದ ನೆರವನ್ನು ಧಾರಾಳವಾಗಿ ಪಡೆಯಲಿ. ಅದರ ಜೊತೆಗೆ ಕನ್ನಡವೂ ಸೇರಿದಂತೆ ದೇಶಭಾಷೆಗಳ ಶೀಘ್ರಲಿಪಿ ತರಬೇತಿಯನ್ನು ಬಲಪಡಿಸಿ, ದಾಖಲೆಯನ್ನು ಪರಿಶೀಲಿಸಿ ಪ್ರಮಾಣೀಕರಿಸುವ ಅಧಿಕಾರವನ್ನು ಈ ವೃತ್ತಿಯವರ ಕೈಯಲ್ಲೇ ಉಳಿಸಬೇಕು.