ಈಯುವ ಕುರಿಗೆ ಎಂಥ ನೆಲ? ಅಪ್ಸರಕೊಂಡದ ಗುಡ್ಡ ಮತ್ತು ಬಯಲುಸೀಮೆಯ ಕೂಳೆ ಹೊಲ

ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡದಲ್ಲಿ ಜಲಪಾತದ ಮೇಲಿನ ಜಂಬಿಟ್ಟಿಗೆ ಗುಡ್ಡ ಮಳೆ ಬಿದ್ದೊಡನೆ ಚಿಗುರುತ್ತದೆ. ಮೇವಿದೆ, ನೀರಿದೆ. ಆದರೂ ಈ ಕರಾವಳಿಯಲ್ಲಿ ಆಕಳು ಸಾಕಣೆಯಂತೆ ಕುರಿ ಸಾಕಣೆ ಬೇರೂರಲಿಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 1.11 ಕೋಟಿ, ಬಹುಪಾಲು ಬಯಲುಸೀಮೆಯವು. ಇದಕ್ಕೆ ಮಳೆಯೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಆ ಮಳೆ ಎಳೆಮರಿಯನ್ನು ಯಾವ ದಾರಿಯಲ್ಲಿ ಕೊಲ್ಲುತ್ತದೆ ಎಂದು ಬಿಡಿಸಿ ನೋಡಿದರೆ, ಈಯುವ ಕುರಿಗೆ ನೆಲ ಆರಿಸುವ ಪ್ರಶ್ನೆಯೇ ಬೇರೆ ರೂಪ ಪಡೆಯುತ್ತದೆ.

ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕಡೆ ಹಸಿ ಮೈಯ ಮರಿ ಕಡಲಗಾಳಿಗೆ ಬೇಗ ಶಾಖ ಕಳೆದುಕೊಳ್ಳುತ್ತದೆ. ಹುಟ್ಟುವಾಗ ಅದರ ಮೈಯಲ್ಲಿರುವ ಕಂದು ಕೊಬ್ಬು ಕೆಲವು ಗಂಟೆಗಳ ಉರುವಲು ಮಾತ್ರ. ಇನ್ನೊಂದು ದಾರಿ ತಾಯಿಯ ಮೂಲಕ ಬರುತ್ತದೆ. ಬೆಚ್ಚಗಿನ ತೇವದಲ್ಲಿ ರಕ್ತ ಹೀರುವ ಜಠರದ ಹುಳುಗಳ ಮರಿಗಳು ಹುಲ್ಲಿನ ಎಸಳೇರಿ ಕೂರುತ್ತವೆ. ಈಯುವ ಆಸುಪಾಸಿನಲ್ಲಿ ಕುರಿಯ ರೋಗನಿರೋಧ ಶಕ್ತಿ ಕುಗ್ಗುವುದರಿಂದ ಹುಳುಗಳ ಹಾವಳಿ ಏರಿ, ರಕ್ತಹೀನತೆಯಿಂದ ಕೆಚ್ಚಲು ಸೊರಗುತ್ತದೆ. ಹುಲ್ಲಿಗೆ ಬಾಯಿಡದ ಮರಿಯೂ ಹೀಗೆ ಹುಲ್ಲುಗಾವಲಿನ ದೋಷಕ್ಕೆ ಬಲಿಯಾಗುತ್ತದೆ. ಹಾಗೆಂದು ತೇವದ ನಾಡಿನಲ್ಲಿ ಕುರಿ ಬಾಳುವುದೇ ಇಲ್ಲವೆನ್ನಲಾಗದು: ಸುಂದರಬನದ ಜೌಗಿನಲ್ಲಿ ಗರೋಲ್ ತಳಿ ಬಾಳಿದೆ. ನಮ್ಮ ದಖನಿ ಕುರಿಯ ಮೈಕಟ್ಟು ರೂಪುಗೊಂಡದ್ದು ಒಣನೆಲದಲ್ಲಿ.

ಇನ್ನು ಆ ಒಣನೆಲದ ಮಾತು. ಕೊಪ್ಪಳ, ಬಳ್ಳಾರಿ, ಬಾಗಲಕೋಟೆ ಕಡೆಯ ಕುರುಬರಿಗೆ ಬೇಲಿ ಹಾಕಿದ ಹುಲ್ಲುಗಾವಲಿಲ್ಲ. ಕೊಯ್ಲಾದ ಶೇಂಗಾ ಹೊಲ, ಜೋಳದ ಕೂಳೆ, ಉಳಿದಷ್ಟು ಗೋಮಾಳ ಇವೇ ಮೇವಿನ ನೆಲ. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಯಾರ ಹೊಲದಲ್ಲಿ ಎಷ್ಟು ರಾತ್ರಿ ಎಂಬ ಮಾತುಕತೆಯೇ ಹಿಂಡಿನ ದಾರಿಯನ್ನು ನಿರ್ಧರಿಸುತ್ತದೆ. ಆದ್ದರಿಂದ ಇಲ್ಲಿ ನೆಲ ಆರಿಸುವುದೆಂದರೆ ಹುಲ್ಲಿನ ಜೊತೆಗೆ ನಡಿಗೆಯನ್ನೂ ಬಿಡಾರವನ್ನೂ ಆರಿಸುವುದು. ಸುಮಾರು 150 ದಿನಗಳ ಗಬ್ಬದಲ್ಲಿ ಮರಿಯ ತೂಕದ ಹೆಚ್ಚಿನ ಪಾಲು ಕೊನೆಯ ಆರು ವಾರಗಳಲ್ಲಿ ಕೂಡುತ್ತದೆ. ಆ ವಾರಗಳಲ್ಲಿ ಬರಡು ದಾರಿ ತುಳಿದ ಕುರಿಗೆ ಈದ ಮೇಲೆ ಎಷ್ಟು ಮೇವಿಟ್ಟರೂ ಕಳೆದದ್ದು ತುಂಬದು.

ಈದ ಕೂಡಲೇ ನಡೆಯುವುದನ್ನು ಹತ್ತಿರದಿಂದ ಗಮನಿಸಬೇಕು. ಗರ್ಭದ್ರವ ಚೆಲ್ಲಿದ ಜಾಗ ಬಿಟ್ಟು ಕುರಿ ಸುಲಭಕ್ಕೆ ಕದಲುವುದಿಲ್ಲ. ಮಣ್ಣು ಮೂಸುತ್ತದೆ, ಮರಿಯನ್ನು ನೆಕ್ಕುತ್ತದೆ, ಗುರುಗುಟ್ಟುತ್ತದೆ. ಮರಿ ಎದ್ದು, ತಡವರಿಸಿ ಮೊಲೆ ಹುಡುಕುತ್ತದೆ. ಗರ್ಭದಲ್ಲಿ ತಾಯಿಯಿಂದ ಪ್ರತಿಕಾಯಗಳು ದಾಟಿ ಬಂದಿರುವುದಿಲ್ಲ. ಅವು ಗಿಣ್ಣುಹಾಲಿನಲ್ಲೇ ಬರಬೇಕು, ಅದೂ ಮೊದಲ ದಿನದೊಳಗೆ. ಆಸ್ಟ್ರೇಲಿಯಾದ ಮೆರಿನೊ ಕುರಿಗಳ ಅಧ್ಯಯನಗಳ ಪ್ರಕಾರ ತಾಯಿ ಈದ ಜಾಗದಲ್ಲಿ ಆರು ಗಂಟೆಯಾದರೂ ನಿಂತರೆ ಅವಳಿ ಮರಿಗಳು ಅಗಲುವುದು ಕಡಿಮೆ. ಮೇವು ತೆಳುವಾಗಿದ್ದರೆ ಹಸಿದ ತಾಯಿ ಬೇಗ ಮುಂದೆ ಸರಿಯುತ್ತದೆ. ನನ್ನ ವಾದ ಇಷ್ಟು: ಈಯುವ ನೆಲದ ಗುಣವನ್ನು ಹುಲ್ಲಿನ ರಾಶಿಯಿಂದಷ್ಟೇ ಅಳೆಯಬಾರದು, ತಾಯಿ ಎಷ್ಟು ಹೊತ್ತು ಅಲ್ಲೇ ನಿಲ್ಲಬಲ್ಲದು ಎಂಬುದರಿಂದಲೂ ಅಳೆಯಬೇಕು.

ಕುರಿಗಾಹಿಗಳಿಗೆ ಇದು ಹೊಸದಲ್ಲ. ಎಳೆಮರಿಗಳನ್ನು ಬಿಡಾರದಲ್ಲೇ ಬುಟ್ಟಿ ಕವುಚಿ ಕಾಯುವುದು, ದಾರಿಯಲ್ಲಿ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೊರುವುದು ಇದೇ ತಿಳಿವಳಿಕೆಯ ಫಲ. ಆದರೆ ಗೋಮಾಳ ಒತ್ತುವರಿಯಾಗಿ ಬಿಡಾರದಿಂದ ಬಿಡಾರಕ್ಕೆ ದಾರಿ ಉದ್ದವಾದಂತೆ ಆ ಆರು ಗಂಟೆಗಳೇ ಮೊದಲು ಕರಗುವುದು.

ಅವಳಿ ಹೆರುವ ತಳಿಗಳಲ್ಲಿ ಈ ನಷ್ಟ ಇಮ್ಮಡಿಸಬಹುದು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಗರೋಲ್ ಕುರಿಯ ಅವಳಿ ಹೆರುವ ಗುಣದ ವಂಶವಾಹಿಯನ್ನು ದಖನಿ ಹಿಂಡಿಗೆ ತಂದು ನಾರಿ ಸುವರ್ಣ ತಳಿಯನ್ನು ರೂಪಿಸಿತು. ಅಂಥ ತಳಿಯನ್ನು ಅಲೆಮಾರಿ ಹಿಂಡಿಗೆ ಕೊಡುವಾಗ ಎಷ್ಟು ಮರಿ ಹುಟ್ಟಿದವು ಎಂಬ ಲೆಕ್ಕದ ಜೊತೆಗೆ, ತಾಯಿ ಈದ ಜಾಗ ಬಿಟ್ಟ ಹೊತ್ತು, ಅಂದಿನ ನಡಿಗೆಯ ದೂರ, ಮೂರನೆಯ ದಿನ ಉಳಿದ ಮರಿಗಳು ಇಷ್ಟನ್ನೂ ಬರೆದಿಡಬೇಕು.