ಪೆಟ್ಟಿಗೆಯಲ್ಲಿ ಉಳಿದ ರೇಷ್ಮೆ

ನಮ್ಮೂರಿನಲ್ಲಿ ಬೆಳೆದವರಿಗೆ ರೇಷ್ಮೆ ಎಂದರೆ ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ, ಗೂಡಿನ ಮಾರುಕಟ್ಟೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾತ್ರಿ ಸೊಪ್ಪು ಹಾಕಿ, ಬೆಳಿಗ್ಗೆ ಪ್ರಾರ್ಥನೆಗೆ ತಡವಾಗಿ ಬಂದು ಮೇಷ್ಟ್ರಿಂದ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಅದೇ ರೇಷ್ಮೆಯನ್ನು ಗೋಡೆಗೆ, ಕುರ್ಚಿಗೆ, ಮಂಚಕ್ಕೆ ಹೊದಿಸುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡದ್ದು ಕಂಪನಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ.

ಅಲ್ಲಿನ ಸಿರಿವಂತ ಜಮೀನ್ದಾರರು 17, 18ನೇ ಶತಮಾನಗಳಲ್ಲಿ ಹಳ್ಳಿಗಾಡಿನಲ್ಲಿ ಅರಮನೆಯಂಥ ಮನೆಗಳನ್ನು ಕಟ್ಟಿಸಿದರು. ರಾಜಮನೆತನದವರು ಬಂದರೆ ಇರಲಿ ಎಂದು ಒಂದು ವಿಶೇಷ ಮಂಚ. ಸುತ್ತ ಪರದೆ, ಮೇಲೆ ಮೇಲ್ಕಟ್ಟು, ಎಲ್ಲವೂ ರೇಷ್ಮೆ. ನಾರ್ಫೋಕ್‌ನ ಹೌಟನ್ ಹಾಲ್‌ನಲ್ಲಿ ಪ್ರಧಾನಿ ರಾಬರ್ಟ್ ವಾಲ್ಪೋಲ್ 1732ರಲ್ಲಿ ಮಾಡಿಸಿದ ಹಸಿರು ವೆಲ್ವೆಟ್ ಮಂಚದ ಜರಿ ಪಟ್ಟಿಗಳಿಗೇ 1,219 ಪೌಂಡ್ ಖರ್ಚಾಯಿತು.

ಇಷ್ಟು ರೇಷ್ಮೆ ಬಳಸಿದ ದೇಶಕ್ಕೆ ಹುಳು ಸಾಕುವುದು ಒಗ್ಗಲಿಲ್ಲ. 1609ರಲ್ಲಿ ದೊರೆ ಒಂದನೇ ಜೇಮ್ಸ್ ಲಂಡನ್ನಿನಲ್ಲಿ ಹಿಪ್ಪುನೇರಳೆ ತೋಟ ಹಾಕಿಸಿದ್ದ, ಕೈಹಿಡಿಯಲಿಲ್ಲ. (ನಮ್ಮಪ್ಪನನ್ನು ಕೇಳಿದ್ದರೆ ಆ ಚಳಿಗೆ ಬೇಡ ಸ್ವಾಮಿ ಎನ್ನುತ್ತಿದ್ದರು.) ನೂಲು ಇಟಲಿ, ಚೀನಾ, ಬಂಗಾಳಗಳಿಂದ ಬರುತ್ತಿತ್ತು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಯ್ಗೆಗೆ ಹೆಸರು ತಂದವರಲ್ಲಿ ಬಹಳ ಮಂದಿ, 1685ರ ನಂತರ ಫ್ರಾನ್ಸಿನಲ್ಲಿ ಧರ್ಮದ ಹೆಸರಿನ ಕಿರುಕುಳ ತಾಳಲಾರದೆ ಓಡಿಬಂದ ಪ್ರಾಟೆಸ್ಟೆಂಟ್ ನೇಕಾರರು.

ಆದರೆ ರೇಷ್ಮೆಗೆ ಬೆಳಕೇ ಶತ್ರು. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಎಳೆ ಸೀಳುತ್ತದೆ, ಕೊನೆಗೆ ಮುಟ್ಟಿದರೆ ಪುಡಿ. ಗೋಡೆಯ ಮೇಲಿನ ಹಳೆಯ ಪಟವೊಂದನ್ನು ಇಳಿಸಿದರೆ ಹಿಂದಿನ ರೇಷ್ಮೆ ಕಡುಗೆಂಪು, ಸುತ್ತಲಿನದು ಮಣ್ಣಿನ ಬಣ್ಣ. ಅದಕ್ಕೇ ಆ ಮನೆಗಳಲ್ಲಿ ಕಿಟಕಿ ಮುಚ್ಚಿ, ಕುರ್ಚಿಗಳಿಗೆ ಹತ್ತಿಬಟ್ಟೆಯ ಗವಸು ಹಾಕಿಡುತ್ತಿದ್ದರು.

ಡರ್ಬಿಶೈರ್‌ನ ಕಾಲ್ಕ್ ಅಬೆಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿನ ಹಾರ್ಪರ್ ಮನೆತನ ಯಾವುದನ್ನೂ ಬಿಸಾಡುತ್ತಿರಲಿಲ್ಲ. 1985ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್ ಕೈಗೆ ಬಂದ ಕಾಲಕ್ಕೆ, ಒಂದು ರಾಜಮಂಚದ ಪರದೆಗಳು ಪೆಟ್ಟಿಗೆಗಳಲ್ಲೇ ಇದ್ದವು. 1734ರ ಮದುವೆಯೊಂದಕ್ಕೆ ಅರಮನೆಯಿಂದ ಬಂದ ಉಡುಗೊರೆ ಅದೆಂದು ನಂಬಿಕೆ. ಚೀನಾದ ರೇಷ್ಮೆ, ಮೇಲೆ ಹೂವು ಹಕ್ಕಿಗಳ ಕಸೂತಿ, ನಡುವೆ ನವಿಲುಗರಿಯ ಎಳೆಗಳು. ಸುಮಾರು 250 ವರ್ಷವಾಗಿದ್ದರೂ ನಿನ್ನೆ ಮಗ್ಗದಿಂದ ಇಳಿಸಿದಂತಿತ್ತು, ಬಳಸದೇ ಇದ್ದುದರಿಂದ! ಈಗ ಮಂಚ ಜೋಡಿಸಿ, ಮಂದ ಬೆಳಕಿನಲ್ಲಿ ಗಾಜಿನಾಚೆ ಇಟ್ಟಿದ್ದಾರೆ. ಕೊಟ್ಟವರು, ಪಡೆದವರು ಯಾರೆಂದು ಅಲ್ಲಿ ಹೇಳುತ್ತಾರೆ. ನನಗೆ ಮಾತ್ರ ಸೊಪ್ಪು ಹಾಕಿದವರ, ಸೂಜಿ ಹಿಡಿದವರ ಯೋಚನೆಯೇ ಹತ್ತಿತು.

ಯುಗಾದಿಗೆ ಊರಿಗೆ ಬಂದಾಗ ಟ್ರಂಕಿನಿಂದ ಅಜ್ಜಿಯ ಧಾರೆ ಸೀರೆ ತೆಗೆಸಿದೆ. ಬಣ್ಣ ಹಾಗೇ ಇತ್ತು. ಆದರೆ ಎಷ್ಟೋ ವರ್ಷದಿಂದ ಒಂದೇ ಮಡಿಕೆಯಲ್ಲಿದ್ದುದರಿಂದ ಮಡಿಕೆಯ ಗುಂಟ ಸೀಳಿತ್ತು. ಮಡಚಬೇಡ, ದಪ್ಪ ಕೊಳವೆಗೆ ಒಗೆದ ಪಂಚೆ ಸುತ್ತಿ ಅದರ ಮೇಲೆ ಸೀರೆ ಸುತ್ತಿಡು, ಬಿಸಿಲಿಗೆ ಹಾಕಬೇಡ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾದ್ರೆ ಉಡೋದ್ಯಾವಾಗಪ್ಪ?" ಎಂದಳು.